2,000 ರೂಪಾಯಿಗಾಗಿ 11 ಕಿಲೋಮೀಟರ್ ನಡೆದೆವು: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ಭೂಮಿ ಹುಣ್ಣಿಮೆ ಮುಗಿಯಿತು, ದೀಪಾವಳಿ ಹತ್ತಿರ ಬಂತು. ಕೊರೊನಾ ಲಾಕ್‌ಡೌನ್ ಪರಿಹಾರ ಅಂತ ನಮ್ಮಂಥ ಟೈಲರ್‌ಗಳಿಗೆ 2021ರ ಮೇ ತಿಂಗಳಲ್ಲಿ ಘೋಷಣೆಯಾದ 2,000 ರೂಪಾಯಿ ನನ್ನ ಖಾತೆಗೆ ಇನ್ನೂ ಬಂದಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಸುಮ್ನೆ ಕಾದೆ. ಇನ್ನು ಕಾಯಲಾರೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನ ಹಳ್ಳಿ. ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು 14 ವರ್ಷದಿಂದ ಹೊಲಿಯುತ್ತಿದ್ದೇನೆ. ನಮಗೆ ಕೆಲಸ ಇರುವುದೇ ಯುಗಾದಿಯಿಂದ ಜೂನ್‌ವರೆಗೆ. ಮೊದಲು ಮದುವೆ ಬ್ಲೌಸು, ಆಮೇಲೆ ಶಾಲೆ ಯೂನಿಫಾರಂ. ಆಗ ದುಡಿದಿದ್ದರಲ್ಲೇ ಮಳೆಗಾಲ ಕಳೆಯಬೇಕು. 2020ರ ಲಾಕ್‌ಡೌನ್‌ನಲ್ಲಿ ಆ ತಿಂಗಳುಗಳೇ ಹೋದವು, 2021ರಲ್ಲೂ ಅವೇ ಹೋದವು. ಮದುವೆಗೆ 50 ಜನ ಅಂದ ಮೇಲೆ ಹೊಸ ಬ್ಲೌಸು ಯಾರು ಹೊಲಿಸುತ್ತಾರೆ? ಹೊಲಿದಿಟ್ಟಿದ್ದನ್ನೂ ಕೆಲವರು ಒಯ್ಯಲಿಲ್ಲ, ಮಳೆಗೆ ಬೂಷ್ಟು ಹಿಡಿಯಿತು. ಲೈನಿಂಗು, ದಾರ, ಹುಕ್ಕು ಎಲ್ಲದಕ್ಕೂ ಹಾಕಿದ್ದು ನನ್ನ ದುಡ್ಡು. ಮೆಷಿನ್ ಸಾಲದ ಬಡ್ಡಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿಯ ಪರಿಹಾರ ಪ್ಯಾಕೇಜ್ ಘೋಷಿಸಿದಾಗ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಚಾಲಕರಿಗೆ 5,000 ಅಂದರು. ಕೊಟ್ಟಿದ್ದು ಸರಿ, ಅವರ ಕಷ್ಟ ಕಣ್ಣಾರೆ ಕಂಡಿದ್ದೇನೆ. ಆದರೆ ಟೈಲರ್‌ಗಳ ಹೆಸರೇ ಇರಲಿಲ್ಲ. 2021ರ ಮೇ 19ರ ಪರಿಹಾರದ ಪಟ್ಟಿಯಲ್ಲಿ ಆ ಹೆಸರು ಕೇಳಿ ನಮ್ಮ ಅತ್ತೆ ಟಿವಿಗೆ ಕೈ ಮುಗಿದರು.

ಅರ್ಜಿ ಆನ್‌ಲೈನ್ ಅಂದಿರಿ. ನಮ್ಮೂರಲ್ಲಿ ನೆಟ್‌ವರ್ಕ್ ಎಲ್ಲಿದೆ ಸ್ವಾಮಿ? ಮಗ ಛತ್ರಿ ಹಿಡಿದು ಮೂರು ದಿನ ಗುಡ್ಡ ಹತ್ತಿದ. ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ಕೂತಿರುತ್ತಿದ್ದ. ಒಟಿಪಿ ಬರುವಷ್ಟರಲ್ಲಿ ಪೇಜು ಹೋಗಿರುತ್ತಿತ್ತು. ನಾಲ್ಕನೇ ದಿನ ನಾನು, ನಮ್ಮನೆಯವರು ಬೈಕಿನಲ್ಲಿ ಪೇಟೆಗೆ ಹೋದೆವು. ಆಗ ಲಾಕ್‌ಡೌನ್, ಓಡಾಡಲು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ ಇತ್ತು. ಅರ್ಜಿ ಹಾಕಿಕೊಡುವವರ ಮುಂದೆ ಉದ್ದ ಸಾಲು. ಹೊರಗೆ ಬಂದಾಗ 10 ದಾಟಿತ್ತು. ದಾರಿಯಲ್ಲಿ ಪೊಲೀಸರು ತಡೆದರು. ಅರ್ಜಿಯ ಚೀಟಿ ತೋರಿಸಿದೆ. ಇದೇನು ಪಾಸಾ ಅಂತ ಕೇಳಿ ಬೈಕ್ ಹಿಡಿದಿಟ್ಟುಕೊಂಡರು.

ಬಸ್ಸಿಲ್ಲ, ಆಟೊ ಇಲ್ಲ. 11 ಕಿಲೋಮೀಟರ್ ಮಳೆಯಲ್ಲಿ ನಡೆದೆವು. ನಮ್ಮನೆಯವರಿಗೆ ಸಕ್ಕರೆ ಕಾಯಿಲೆ. ಎರಡು ಕಡೆ ಮೋರಿ ಕಟ್ಟೆ ಮೇಲೆ ಕೂತುಬಿಟ್ಟರು. ಸೋಂಕಿನ ಹೆದರಿಕೆಗೆ ಗುರುತಿನವರೂ ಗಾಡಿ ನಿಲ್ಲಿಸಲಿಲ್ಲ. ಅವತ್ತು ನಾನು ಅತ್ತಷ್ಟು ನನ್ನ ಅಪ್ಪ ಹೋದಾಗಲೂ ಅತ್ತಿರಲಿಲ್ಲ. ಬೈಕ್ ಬಿಡಿಸಿಕೊಳ್ಳಲು 500 ದಂಡ ಕಟ್ಟಿದೆವು. ಆ ರಸೀದಿ ನನ್ನ ಹತ್ತಿರ ಇದೆ. ಪರಿಹಾರ ಬಂದಿಲ್ಲ.

ಕೇಳಿದರೆ ಪರಿಶೀಲನೆಯಲ್ಲಿದೆ ಅನ್ನುತ್ತಾರೆ. ಒಮ್ಮೆ ನಾನು ಟೈಲರ್ ಅನ್ನುವುದಕ್ಕೆ ಕೊಟ್ಟ ಉದ್ಯೋಗ ಪ್ರಮಾಣ ಪತ್ರ ಸರಿಯಿಲ್ಲ ಅಂದರು. ಊರಿನ ಎಲ್ಲ ಹೆಂಗಸರ ಅಳತೆ ನನ್ನ ಪುಸ್ತಕದಲ್ಲಿದೆ. ಯಾರಾದರೂ ಒಂದು ಸಲ ಬಂದು ನೋಡಿದರೆ ಸಾಕಲ್ವಾ? ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಪಂಚಾಯಿತಿಯಲ್ಲಿ ಕಾಗದದ ಅರ್ಜಿ ತೆಗೆದುಕೊಳ್ಳಿ. ಓಟಿನ ಚೀಟಿ ನಮ್ಮ ಮನೆ ಬಾಗಿಲಿಗೆ ಬರುತ್ತದೆ, ಅರ್ಜಿ ಯಾಕೆ ಬರಬಾರದು? ಬಾಕಿ ಇರುವ ಅರ್ಜಿಗಳನ್ನು ದೀಪಾವಳಿಯೊಳಗೆ ತೀರಿಸಿ. ಕಾಗದದ ಅರ್ಜಿ ತೆಗೆದುಕೊಳ್ಳಿ. ನಮ್ಮೂರಲ್ಲಿ ಇನ್ನೂ ಇಬ್ಬರು ಟೈಲರ್, ಒಬ್ಬ ಮೆಕ್ಯಾನಿಕ್ ಇದ್ದಾರೆ. ನಮ್ಮ ಬೈಕಿನ ಕಥೆ ಕೇಳಿ ಅವರು ಅರ್ಜಿಯನ್ನೇ ಹಾಕಲಿಲ್ಲ. ಅವರದ್ದನ್ನೂ ತೆಗೆದುಕೊಳ್ಳಿ.

ಇಂತಿ,
ಜಗಲಿಯಲ್ಲಿ ಹೊಲಿಯುವ ಒಬ್ಬ ಟೈಲರ್