ಹಸಿವನ್ನು ಗೇಲಿ ಮಾಡುವ ಊರಿನಿಂದ

ಅಕ್ರಾ, ಘಾನಾ
ಆಗಸ್ಟ್ 20

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನವರಿಗೂ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ, ಅದರಲ್ಲೂ ಅಜ್ಜಿಯ ಮಂಡಿನೋವಿನ ಸಮಾಚಾರವನ್ನು ತಪ್ಪದೆ ತಿಳಿಸಿ.

ಅಪ್ಪ, ಕಳೆದ ತಿಂಗಳು ಫೋನಿನಲ್ಲಿ ನೀವು “ಆ ಊರಿನಲ್ಲಿ ಹಬ್ಬ ಹರಿದಿನ ಏನಾದರೂ ಉಂಟೋ?” ಎಂದು ಕೇಳಿದಿರಿ. ನಾನು ಉತ್ತರ ಹೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಇದಲ್ಲವಾದ್ದರಿಂದ, ಅಜ್ಜಿಗೆ ಓದಿ ಹೇಳಲು ಅನುಕೂಲವಾಗಲೆಂದು ಬರೆದೇ ಕಳಿಸುತ್ತಿದ್ದೇನೆ.

ಮೊದಲು ನನ್ನ ಪೆದ್ದುತನದ ಒಂದು ಸಂಗತಿಯನ್ನು ಹೇಳಬೇಕು. ಮೇ ತಿಂಗಳ ಒಂದು ಭಾನುವಾರ, ಮಳೆ ಹಿಡಿದಿತ್ತು, ಊರಿನ ನೆನಪು ಜೋರಾಗಿತ್ತು. ಮೊಬೈಲಿಗೆ ಸ್ಪೀಕರು ಜೋಡಿಸಿ, ಕಿಟಕಿ ತೆರೆದಿಟ್ಟು, ಯಕ್ಷಗಾನದ ಒಂದು ಹಳೆಯ ಧ್ವನಿಮುದ್ರಣ ಹಾಕಿದೆ. ಚೆಂಡೆಯ ಏರುಪೆಟ್ಟು ಶುರುವಾಗಿ ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಕೆಳಗಿನ ಮನೆಯ ಹಿರಿಯ ಹೆಂಗಸು ಬಾಗಿಲು ತಟ್ಟಿದರು. ಸಿಟ್ಟಾಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, “ಮಗನೇ, ಈ ತಿಂಗಳು ನಮ್ಮಲ್ಲಿ ಡೋಲು ಬಾರಿಸುವಂತಿಲ್ಲ” ಎಂದರು. ಅದು ಡೋಲಲ್ಲ, ಫೋನು ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ.

ಅಕ್ರಾ ಪಟ್ಟಣದ ಮೂಲ ನಿವಾಸಿಗಳು ಗಾ ಜನರು. ಅವರ ದೊಡ್ಡ ಹಬ್ಬದ ಹೆಸರು ಹೋಮೊವೊ. ವುಲೊಮೊ ಎಂದು ಕರೆಯಲಾಗುವ, ಬಿಳಿ ಬಟ್ಟೆಯುಡುವ ಅವರ ಪೂಜಾರಿಗಳು ಮೇ ತಿಂಗಳಲ್ಲಿ ಸಜ್ಜೆಯ ಬೀಜ ಬಿತ್ತುತ್ತಾರೆ. ಬಿತ್ತಿದ ಮೇಲೆ ಸುಮಾರು 30 ದಿನ ಊರಿನಲ್ಲಿ ಡೋಲು, ಗದ್ದಲ, ಧ್ವನಿವರ್ಧಕ ಯಾವುದೂ ಕೂಡದು. ಮಣ್ಣಿನಡಿಯ ಬೀಜ ಮೊಳೆಯುವಾಗ ದೇವರುಗಳಿಗೆ ನಿಶ್ಶಬ್ದ ಬೇಕು ಎಂಬುದು ಅವರ ನಂಬಿಕೆ. ಹಳೆಯ ಹಳ್ಳಿಯಲ್ಲಿ ಇದು ಸುಲಭವಾಗಿದ್ದೀತು. ಲಕ್ಷಾಂತರ ಜನರಿರುವ ರಾಜಧಾನಿಯಲ್ಲಿ, ಭಾನುವಾರ ಬೆಳಿಗ್ಗೆ ಡ್ರಮ್ಮು, ಗಿಟಾರುಗಳೊಂದಿಗೆ ಪ್ರಾರ್ಥನೆ ಮಾಡುವ ಚರ್ಚುಗಳ ನಡುವೆ, ಈ ನಿಯಮವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. 1990ರ ದಶಕದ ಕೊನೆಯಲ್ಲಿ ಇದೇ ಕಾರಣಕ್ಕೆ ಹೊಡೆದಾಟಗಳೂ ಆಗಿದ್ದವು. ಈಗ ಪ್ರತಿ ವರ್ಷ ದಿನಾಂಕವನ್ನು ಮೊದಲೇ ಪ್ರಕಟಿಸಿ, ಪ್ರಾರ್ಥನೆಯ ಸದ್ದು ಕಟ್ಟಡದ ಒಳಗೇ ಇರಲಿ ಎಂದು ಕೇಳಿಕೊಳ್ಳುತ್ತಾರೆ.

ಅಮ್ಮ, ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಪತ್ತನಾಜೆ. ಮೇ ತಿಂಗಳ ಕೊನೆಯ ವಾರದಲ್ಲಿ, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಭೂತಾರಾಧನೆಯ ಕೋಲ ನೇಮಗಳು ನಿಲ್ಲುತ್ತವೆ. ನಾನು ಇಲ್ಲಿ ಚೆಂಡೆ ಹಾಕಿದ ಹೊತ್ತಿಗೆ ನಮ್ಮೂರಿನಲ್ಲಿಯೂ ಚೆಂಡೆ ಮಾಳಿಗೆ ಸೇರುವ ದಿನಗಳು ಹತ್ತಿರವಾಗಿದ್ದವು. ಮಳೆಗಾಲ ಅಲ್ಲಿಯೂ, ಇಲ್ಲಿಯೂ. ಬಿತ್ತನೆಯ ಕಾಲಕ್ಕೆ ಸದ್ದಡಗುವುದು ಎರಡೂ ಕಡೆ. ಬೇರೆಯವರ ನಿಯಮವನ್ನು ಮುರಿದೆನೆಂದು ಅಳುಕಿದ್ದವನಿಗೆ, ನಮ್ಮದೇ ಒಂದು ಕಟ್ಟಳೆ ಎದುರಿಗೆ ಬಂದು ನಿಂತ ಹಾಗಾಯಿತು.

ನಿಷೇಧ ಮುಗಿಯುವ ದಿನ ಗ್ಬೆಸೆ ಎಂಬ ಭಾಗದ ದೊರೆ ‘ಒಡಾಡಾ’ ಡೋಲನ್ನು ಮೂರು ಸಲ ಬಾರಿಸುತ್ತಾರೆ. ಆಮೇಲೆ ಊರಿಗೆ ಬಾಯಿ ಬರುತ್ತದೆ. ಗಾ ಜನರ ಒಂದೊಂದು ಪಟ್ಟಣಕ್ಕೂ ಬೇರೆ ಬೇರೆ ದಿನಾಂಕವಿರುವುದರಿಂದ, ಒಂದು ಕಡೆ ಕುಣಿತ ನಡೆಯುವಾಗ ಇನ್ನೊಂದು ಕಡೆ ಮೌನವಿರುವುದೂ ಉಂಟು.

ಈ ತಿಂಗಳು ನನ್ನ ಸಹೋದ್ಯೋಗಿಯೊಬ್ಬರು ಜೇಮ್ಸ್‌ಟೌನಿನಲ್ಲಿರುವ ತಮ್ಮ ಮೂಲಮನೆಗೆ ಕರೆದರು. ಸಮುದ್ರದ ಪಕ್ಕದ ಹಳೆಯ ಭಾಗ ಅದು. ದೀಪಸ್ತಂಭ, ಉದ್ದನೆಯ ದೋಣಿಗಳು, ಬಲೆ ಹೆಣೆಯುವವರು, ಮೀನಿನ ವಾಸನೆ. ಮಂಗಳವಾರ ಇಲ್ಲಿನ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆ ದಿನ ಕಡಲಿನದು. ಗುರುವಾರ ಹಳ್ಳಿಗಳಲ್ಲಿ ನೆಲೆಸಿರುವ ನೆಂಟರು ಜೋಳದ ತೆನೆ, ಬೆಂಡೆಕಾಯಿ, ತಾಳೆಹಣ್ಣಿನ ಗೊನೆಗಳನ್ನು ಲಾರಿಗಳಲ್ಲಿ ಹೇರಿಕೊಂಡು ಹಾಡುತ್ತ ಬಂದರು. ಅವರನ್ನು ‘ಸೂಬಿ’, ಅಂದರೆ ಗುರುವಾರದವರು, ಎನ್ನುತ್ತಾರೆ. ಶುಕ್ರವಾರ ಅವಳಿ ಮಕ್ಕಳ ದಿನ. ಬಿಳಿ ಬಟ್ಟೆ ಉಡಿಸಿದ ಅವಳಿಗಳ ಮುಂದೆ, ಸೊಪ್ಪು ಹಾಕಿದ ನೀರಿನ ಬೋಗುಣಿಯನ್ನು ತಲೆಯ ಮೇಲೆ ಹೊತ್ತವರು ಓಡುನಡಿಗೆಯಲ್ಲಿ ಸಾಗಿದರು.

ಶನಿವಾರವೇ ಹೋಮೊವೊ. ‘ಹೋಮೊ’ ಎಂದರೆ ಹಸಿವು, ‘ವೊ’ ಎಂದರೆ ಕೂಗಿ ಗೇಲಿ ಮಾಡುವುದು. ಈ ಬಯಲಿಗೆ ವಲಸೆ ಬಂದ ಪೂರ್ವಿಕರು ಮಳೆಯಿಲ್ಲದೆ ಕ್ಷಾಮದಲ್ಲಿ ಬೆಂದು, ಮುಂದೆ ಒಳ್ಳೆಯ ಬೆಳೆ ಕೈಗೆ ಬಂದಾಗ ಹಸಿವನ್ನೇ ಹಂಗಿಸಿ ನಕ್ಕರಂತೆ. ಆ ನಗುವಿನ ಅಡುಗೆ ‘ಕ್ಪೊಕ್ಪೊಯ್’. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಉದುರುದುರಾಗಿ ಬಿಡಿಸಿ, ಕೆಂಪು ತಾಳೆಎಣ್ಣೆ ಬೆರೆಸುತ್ತಾರೆ. ಜೊತೆಗೆ ತಾಳೆಹಣ್ಣಿನ ಸಾರು, ಅದರಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನು. ಗಾ ಮಂತ್ಸೆ, ಅಂದರೆ ಗಾ ಜನರ ದೊರೆ, ಪರಿವಾರದೊಂದಿಗೆ ಬೀದಿಬೀದಿ ನಡೆದು ಅದನ್ನು ಹಿಡಿಹಿಡಿಯಾಗಿ ನೆಲಕ್ಕೆ ಎರಚುತ್ತಾರೆ. ಮೊದಲ ಪಾಲು ಗತಿಸಿದವರದು. ಮೂಲಮನೆಯ ಅಂಗಳದಲ್ಲಿ ನಮಗೆಲ್ಲ ಒಂದೇ ದೊಡ್ಡ ಬೋಗುಣಿ. ಎಪ್ಪತ್ತು ದಾಟಿದ ಮನೆಯ ಹಿರಿಯರ ಕೈಯೂ ಆರು ವರ್ಷದ ಹುಡುಗನ ಕೈಯೂ ಅದರಲ್ಲೇ. ಹುಡುಗ ಎದುರಿನ ಮೀನಿನ ತುಂಡನ್ನು ನನ್ನ ಬೆರಳುಗಳ ನಡುವಿನಿಂದ ಎಗರಿಸಿದ. ಯಾರೂ ಗದರಿಸಲಿಲ್ಲ; ಆ ಒಂದು ದಿನ ಆ ಬೋಗುಣಿಯ ಮುಂದೆ ಹಿರಿಯರು ಕಿರಿಯರೆಂಬುದಿಲ್ಲ. ಮರುದಿನ ಮನೆಮನೆಗೆ ಹೋಗಿ ವರ್ಷದಲ್ಲಿ ತೀರಿಕೊಂಡವರನ್ನು ನೆನೆದು ಅಳುತ್ತಾರೆ, ಮುನಿಸಿಕೊಂಡವರು ರಾಜಿಯಾಗುತ್ತಾರೆ.

ಉಳಿದ ಹಬ್ಬಗಳನ್ನು ಚುಟುಕಾಗಿ ಹೇಳುತ್ತೇನೆ. ಮೇ ಮೊದಲ ಶನಿವಾರ ವಿನ್ನೆಬಾದಲ್ಲಿ ಅಬೊಆಚಿರ್ ನೋಡಿದೆ: ತುವಾಫೊ, ದೆಂತ್ಸಿಫೊ ಎಂಬ ಎರಡು ದಳಗಳು ಕಾಡಿಗೆ ನುಗ್ಗಿ, ಬರಿಗೈಯಲ್ಲಿ ಜಿಂಕೆ ಹಿಡಿದು, ಜೀವಂತವಾಗಿ ದೊರೆಯ ಮುಂದೆ ಮೊದಲು ತಂದವರು ಗೆಲ್ಲುತ್ತಾರೆ. ನನಗೆ ಜಿಂಕೆಯ ಕಣ್ಣು ನೋಡಲಾಗಲಿಲ್ಲ. ಕುಮಾಸಿಯ ಮನ್‌ಹಿಯಾ ಅರಮನೆಯಲ್ಲಿ ಅಸಾಂಟೆ ಜನರ ದೊರೆ ಕೊಡುವ ‘ಅಕ್ವಾಸಿದೆ’ ಒಡ್ಡೋಲಗಕ್ಕೂ ಹೋಗಿದ್ದೆ. ಅದು 42 ದಿನಗಳಿಗೊಮ್ಮೆ ಬರುತ್ತದೆ. ಅವರ ಹಳೆಯ ಆರು ದಿನದ ವಾರವೂ ಏಳು ದಿನದ ವಾರವೂ ಸೇರಿ ಸುತ್ತು ಮುಗಿಸಲು ಅಷ್ಟು ದಿನ ಬೇಕು. ನಮ್ಮ ಮಂಡಲದ ಲೆಕ್ಕವನ್ನು ಹೇಳಿದಾಗ ಅಲ್ಲಿನ ಒಬ್ಬ ಮುದುಕರು ಬಹಳ ಗಂಭೀರವಾಗಿ ತಲೆದೂಗಿದರು. ನವೆಂಬರ್ ಮೊದಲ ಶನಿವಾರ ಅನ್ಲೋಗಾದಲ್ಲಿ ಹೊಗ್ಬೆತ್ಸೊತ್ಸೊ. ಕ್ರೂರಿ ದೊರೆ ಅಗೊಕೊಲಿಯ ಕೋಟೆಯಿಂದ, ಹೆಜ್ಜೆಗುರುತು ಒಳಬಂದಂತೆ ಕಾಣಲೆಂದು ಹಿಮ್ಮುಖವಾಗಿ ನಡೆದು ಪಾರಾದ ಅಲ್ಲಿನ ಅನ್ಲೊ ಜನರ ಪೂರ್ವಿಕರ ನೆನಪು ಅದು. ರಜೆ ಸಿಕ್ಕರೆ ಹೋಗುತ್ತೇನೆ.

ಈಗ ಅಜ್ಜಿಗೆ ಒಂದು ಕೆಲಸ. ಊಟವಾದ ಮೇಲೆ ಸಹೋದ್ಯೋಗಿಯ ತಾಯಿ, ನಿಮ್ಮಲ್ಲಿ ಹಸಿವಿನ ಕಾಲವಿತ್ತೇ ಎಂದು ಕೇಳಿದರು. ನಾನು ಮಳೆಗಾಲದ ನಮ್ಮ ಆಟಿ ತಿಂಗಳ ಬಗ್ಗೆ ಹೇಳಿದೆ: ಅಕ್ಕಿಯ ಕಲಬಿ ಬರಿದಾಗುತ್ತಿದ್ದುದು, ಉಪ್ಪುಸೊಳೆ, ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ, ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಹಾಲೆಮರದ ಕಷಾಯ. ಅವರು ಎಲ್ಲವನ್ನೂ ಕೇಳಿ, “ಸರಿ, ಬೆಳೆ ಬಂದಾಗ ನೀವು ಹಸಿವಿಗೆ ಏನೆಂದು ಬೈಯುತ್ತಿದ್ದಿರಿ?” ಎಂದರು. ತೆನೆ ಕಟ್ಟುತ್ತೇವೆ, ಹೊಸ ಅಕ್ಕಿಯ ಊಟ ಮಾಡುತ್ತೇವೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಬೈಗುಳ ಇದ್ದೇ ಇರಬೇಕು, ಮನೆಯ ಹಿರಿಯರನ್ನು ಕೇಳು ಎಂದು ಕಳಿಸಿದ್ದಾರೆ. ಅಜ್ಜಿ ಹೇಳಿದ್ದನ್ನು, ಅದು ಎಂಥ ಮಾತಾದರೂ ಸರಿ, ಅಪ್ಪ, ನೀವು ತಿದ್ದದೆ ಹಾಗೆಯೇ ಬರೆದು ಕಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗ