ಬಾಡಿಗೆ ಮನೆಗೆ ಹೊಳೆಯುವ ಟೈಲ್ಸ್ ಬೇಡ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬರುವ ಮಕ್ಕಳಿಗೆ ನಾನು ರೂಮು ಬಾಡಿಗೆ ಕೊಡುತ್ತೇನೆ. ಸುತ್ತಲಿನ ಮಾಲೀಕರು ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಫರಸಿ ಕಿತ್ತು, ಹೊಳೆಯುವ ಟೈಲ್ಸ್ ಹಾಕಿಸಿ, ಬಾಡಿಗೆ ಏರಿಸುತ್ತಿದ್ದಾರೆ. ಗಟ್ಟಿ ಕಲ್ಲನ್ನು ಸುಮ್ನೆ ಯಾಕೆ ಕೀಳಬೇಕು? ಪಾಲಿಶ್ ಮಾಡಿಸಿ, ಸಂದಿಗೆ ಸಿಮೆಂಟ್ ತುಂಬಿಸಿದರೆ ಸಾಕು. ಬದಲಿಸಲೇಬೇಕಾದರೆ ಮ್ಯಾಟ್ (ಹೊಳಪಿಲ್ಲದ) ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಟೈಲ್ಸ್ ಹಾಕಿಸಿ. ಅದು ನೀರು ಹೀರುವುದು ಶೇ 0.5ರಷ್ಟೂ ಇಲ್ಲ, ಕಲೆ ಬೇಗ ಹಿಡಿಯುವುದಿಲ್ಲ. ಬಚ್ಚಲಿಗಂತೂ ಜಾರದ ಟೈಲ್ಸೇ ಬೇಕು. ಬಿದ್ದು ಕೈಕಾಲು ಮುರಿದುಕೊಂಡರೆ ಮಕ್ಕಳ ಪರೀಕ್ಷೆಯೇ ಹೋಗುತ್ತದೆ, ಅಲ್ವಾ? ಹುಬ್ಬಳ್ಳಿ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ನೆಲದ ಭರ್ತಿ ಸರಿಯಾಗಿ ಕುಟ್ಟದಿದ್ದರೆ ದುಬಾರಿ ಟೈಲ್ಸೂ ಬಿರುಕು ಬಿಡುತ್ತದೆ. ಟೈಲ್ಸ್ ಕೊಳ್ಳುವಾಗ, ಒಡೆದರೆ ಬದಲಿಸಲು ಅದೇ ಬ್ಯಾಚಿನ ಒಂದು ಬಾಕ್ಸ್ ಜಾಸ್ತಿ ತಂದಿಡಿ. ಆಮೇಲೆ ಅದೇ ಬಣ್ಣ ಸಿಗುವುದು ಕಷ್ಟ.

– ಮನೆ ಮಾಲೀಕರೊಬ್ಬರು, ಸಪ್ತಾಪುರ, ಧಾರವಾಡ