ರಂಗದ ಮೇಲೆ ಹತ್ತುವ ದಾರಿ ಎಲ್ಲಿದೆ, ಅಧ್ಯಕ್ಷರೇ?

ಮಾನ್ಯ ನಗರಸಭೆ ಅಧ್ಯಕ್ಷರಿಗೆ ನಮಸ್ಕಾರ.

ಮುಂದಿನ ತಿಂಗಳು ನಮ್ಮ ಹವ್ಯಾಸಿ ತಂಡ ಹೊಸ ಸಂಗೀತ ನಾಟಕಕ್ಕೆ ಮುಕ್ತ ಆಡಿಷನ್ ಇಟ್ಟುಕೊಂಡಿದೆ. ಬಣ್ಣ, ಮೈಕಟ್ಟು, ವಯಸ್ಸು, ಅಂಗವೈಕಲ್ಯ ಯಾವುದೂ ಅಡ್ಡಿಯಲ್ಲ, ಯಾರು ಬೇಕಾದರೂ ಬನ್ನಿ ಅಂತ ಪೋಸ್ಟರಿನಲ್ಲಿ ಹಾಕಿದ್ದೇವೆ. ಹಾಕುವುದಕ್ಕೇನು, ಹೋದ ಸಲವೂ ಹಾಕಿದ್ದೆವು.

ಆಗ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ ಬಂದಳು. ಆಡಿಷನ್ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಾಲ್ಕು ಜನ ಕುರ್ಚಿ ಸಮೇತ ಎತ್ತಲು ಹೋದಾಗ ಅವಳು, "ನಾನು ಹಾಡೋಕೆ ಬಂದಿದ್ದೀನಿ, ಮೆರವಣಿಗೆಗಲ್ಲ" ಅಂದಳು. ಕೀಬೋರ್ಡನ್ನೇ ಕೆಳಗೆ ತಂದು, ಮೆಟ್ಟಿಲ ಪಕ್ಕದಲ್ಲಿ ಹಾಡಿಸಿದೆವು. ಚೆನ್ನಾಗಿ ಹಾಡಿದಳು. ಪಾತ್ರವನ್ನೂ ಕೊಟ್ಟೆವು. ಆಮೇಲೆ ಸಭಾಂಗಣಕ್ಕೆ ಹೋಗಿ ನೋಡಿದರೆ, ರಂಗದ ಮೇಲೆ ಹತ್ತಲು ಎರಡೂ ಕಡೆ ಮೆಟ್ಟಿಲೇ. ಇದನ್ನು ಮೊದಲೇ ನೋಡದಿದ್ದದ್ದು ನಮ್ಮ ತಪ್ಪು. ಅವಳು ಆ ನಾಟಕ ಬಿಟ್ಟಳು.

ನಮ್ಮ ಕೈಲಾಗುವುದನ್ನು ಈ ಸಲ ಮಾಡಿಕೊಂಡಿದ್ದೇವೆ. ಹಾಡಿನ ಸಾಹಿತ್ಯ ಮತ್ತು ಸಂಭಾಷಣೆ ಒಂದು ವಾರ ಮೊದಲೇ ಕಳಿಸುತ್ತೇವೆ. ದೊಡ್ಡ ಅಕ್ಷರದ ಪ್ರತಿಯೂ ಇರುತ್ತದೆ, ಕೇಳಿ ಕಲಿಯುವವರಿಗೆ ರೆಕಾರ್ಡಿಂಗೂ ಇರುತ್ತದೆ. ಸನ್ನೆ ಭಾಷೆ ಬಲ್ಲವರೊಬ್ಬರು ಜೊತೆಗಿರುತ್ತಾರೆ. ಹಾಡಿನ ಶ್ರುತಿಯನ್ನು ಹಾಡುವವರಿಗೆ ತಕ್ಕಂತೆ ಇಳಿಸುತ್ತೇವೆ, ಏರಿಸುತ್ತೇವೆ. ನಾಯಕಿ ತೆಳ್ಳಗಿರಬೇಕು ಅಂತ ನಮ್ಮ ಕಥೆಯಲ್ಲಿ ಎಲ್ಲೂ ಬರೆದಿಲ್ಲ. ಇಷ್ಟು ದಿನ ಸುಮ್ನೆ ನಾವೇ ಹಾಗಂದುಕೊಂಡಿದ್ದೆವು ಅಷ್ಟೆ.

ಆದರೆ ಕಟ್ಟಡ ನಗರಸಭೆಯದು. ನೀವು ಪ್ರೇಕ್ಷಕರ ಕಡೆ ಇಳಿಜಾರು ದಾರಿ ಮಾಡಿಸಿದ್ದೀರಿ, ಸಂತೋಷ. ಗಾಲಿಕುರ್ಚಿಯವರು ನಾಟಕ ನೋಡಲು ಬರುತ್ತಾರೆ ಅಂತ ಯಾರಿಗೋ ಹೊಳೆದಿದೆ. ನಾಟಕ ಆಡಲೂ ಬರುತ್ತಾರೆ ಅಂತ ಹೊಳೆದಿಲ್ಲ.

ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 2015ರಲ್ಲಿ ಅಲಿ ಸ್ಟ್ರೋಕರ್ ಬ್ರಾಡ್‌ವೇ ರಂಗಕ್ಕೆ, ಅಂದರೆ ನ್ಯೂಯಾರ್ಕಿನ ಹೆಸರಾಂತ ನಾಟಕ ಕೇಂದ್ರಕ್ಕೆ, ಬಂದ ಮೊದಲ ಗಾಲಿಕುರ್ಚಿಯ ನಟಿ. ಅವರು ಆಡಿದ್ದು ಕಿವುಡ ನಟರು ಸನ್ನೆಯಲ್ಲಿ ಹಾಡಿ, ಕಿವಿ ಕೇಳಿಸುವವರು ದನಿ ಕೊಟ್ಟ ಸಂಗೀತ ನಾಟಕದಲ್ಲಿ. 2019ರಲ್ಲಿ ಇನ್ನೊಂದು ನಾಟಕಕ್ಕೆ ಅವರಿಗೆ ಟೋನಿ ಪ್ರಶಸ್ತಿ, ಅಂದರೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ, ಬಂತು. ಆದರೆ ಸಮಾರಂಭದಲ್ಲಿ ಪ್ರೇಕ್ಷಕರ ಸಾಲಿನಿಂದ ವೇದಿಕೆಗೆ ಇಳಿಜಾರು ಇರಲಿಲ್ಲ. ಪ್ರಶಸ್ತಿ ಘೋಷಣೆಯಾಗುವಾಗ ಅವರು ವೇದಿಕೆಯ ಹಿಂದೆ ಕಾಯುತ್ತಿದ್ದರು. ಅಷ್ಟು ದೊಡ್ಡ ಕಡೆಯೇ ಹೀಗೆ, ನೋಡಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ರಂಗದ ಎತ್ತರ ಮೂರು ಅಡಿ. ಅಂದರೆ 36 ಅಡಿ, ನಡುವೆ ನಿಲ್ಲುವ ಜಾಗ ಬೇರೆ. ರಂಗದ ಪಕ್ಕದ ಮರೆಯಲ್ಲಿ, ಅಂದರೆ ಸೈಡ್ ವಿಂಗಿನಲ್ಲಿ, ಅಷ್ಟು ಜಾಗವಿಲ್ಲ. ಹಾಗಾಗಿ ಗಾಲಿಕುರ್ಚಿ ಎತ್ತುವ ಚಿಕ್ಕ ಲಿಫ್ಟ್ ಒಂದನ್ನು ರಂಗದ ಪಕ್ಕದಲ್ಲೇ ಕೂರಿಸುವುದು ಜಾಣತನ. ಮೇಕಪ್ ಕೋಣೆಯ ಬಾಗಿಲು ಅಗಲವಾಗಬೇಕು. ಅಲ್ಲಿನ ಶೌಚಾಲಯದ್ದೂ ಆಗಬೇಕು, ಅದನ್ನಂತೂ ಯಾವಾಗಲೂ ಮರೆಯುತ್ತಾರೆ. ಇದೆಲ್ಲ ಆಗುವವರೆಗೆ ಆಡಿಷನ್ನಿಗೆ ನೆಲಮಹಡಿಯ ಸಭಾಕೋಣೆಯನ್ನು ಕೊಡಿ. ಭಾನುವಾರ ಅದು ಖಾಲಿಯೇ ಇರುತ್ತದೆ, ಅಲ್ವಾ?

ಆ ಹುಡುಗಿಗೆ ಈ ಸಲದ ಪೋಸ್ಟರ್ ಕಳಿಸಿದೆ. "ಯಾವ ಮಹಡಿ?" ಅಂತ ಒಂದೇ ಸಾಲಿನ ಉತ್ತರ ಬಂದಿದೆ. ನಿಮ್ಮ ಪತ್ರ ಬಂದ ಮೇಲೆ ಅವಳಿಗೆ ಬರೆಯುತ್ತೇನೆ.

ಇಂತಿ,
ತಂಡದ ಸಂಗೀತ ನೋಡಿಕೊಳ್ಳುವವನು